ಒಂದನೇ ಲೈನ್ ಬಿಡ್ತೀರಾ?

ಹೋದ ವಾರ ನಮ್ಮ ಆಫೀಸಿನಲ್ಲಿ ಅರ್ಧ ಗಂಟೆ ನೆಟ್ ಇರಲಿಲ್ಲ. ರಸ್ತೆ ಅಗೆಯುವವರು ಎಲ್ಲೋ ಫೈಬರ್ ಕೇಬಲ್ ಕತ್ತರಿಸಿಬಿಟ್ಟಿದ್ದರು. ಎಲ್ಲರೂ ಕೈ ಕಟ್ಟಿ ಕೂತೆವು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು, ದೂರು ಕೊಡೋಣ ಅಂತ ಮೇಜಿನ ಮೇಲಿದ್ದ ಫೋನ್ ಎತ್ತಿ ಕಿವಿಗಿಟ್ಟುಕೊಂಡಳು. "ಸರ್, ಇದೂ ಡೆಡ್!" ಅಂದಳು.

ಡೆಡ್ ಆಗಲೇಬೇಕಲ್ಲ. ಈಗಿನ ಆಫೀಸ್ ಫೋನುಗಳು ನೆಟ್ ಮೇಲೇ ನಡೆಯೋದು. ನೆಟ್ ಹೋದರೆ ಫೋನೂ ಹೋಗುತ್ತೆ.

"ನಮ್ಮ ಕಾಲದಲ್ಲಿ ಇದು ಉಲ್ಟಾ ಇತ್ತಮ್ಮ, ಫೋನ್ ಮೇಲೆ ನೆಟ್ ನಡೀತಿತ್ತು" ಅಂದೆ. ಆಕೆಗೆ ಅರ್ಥ ಆಗಲಿಲ್ಲ. "ಹಾಟ್‌ಸ್ಪಾಟ್ ಥರಾನಾ ಸರ್?" ಅಂತ ಕೇಳಿದಳು. ನೆಟ್ ವಾಪಸ್ ಬರುವವರೆಗೂ ಅವಳಿಗೆ ಆ ಕಥೆ ಹೇಳಿದೆ. ಆದರೆ ಅರ್ಧ ಕಥೆ ಮಾತ್ರ ಹೇಳಿದೆ. ಉಳಿದ ಅರ್ಧ ಇಲ್ಲಿ ಬರೀತಿದ್ದೀನಿ.

ಅದು 2001. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ. ಕೆಳಗೆ ಲೇತು, ಡ್ರಿಲ್ಲಿಂಗ್ ಮಷೀನು. ಮೇಲೆ ಆಫೀಸು. ಆಗ ನನಗೆ ಇಪ್ಪತ್ಮೂರು ವರ್ಷ. "ಕಂಪ್ಯೂಟರ್ ಗೊತ್ತಿರೋ ಹುಡುಗ" ಅಂತ ನನ್ನ ಹೆಸರು. ಅಂದರೆ ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡರೂ ನನ್ನನ್ನೇ ಕೂಗೋರು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ಸಣ್ಣ ಕಾರ್ಖಾನೆಗಳವರೆಗೆ ಅದು ಇಳಿದು ಬರೋದಕ್ಕೆ ಇನ್ನೂ ಕೆಲವು ವರ್ಷ ಬೇಕಾಯ್ತು. ನಮ್ಮಲ್ಲಿಗೆ ಅದು ಬಂದದ್ದು ಹೊರದೇಶದ ಒಬ್ಬ ಗಿರಾಕಿಯ ದೆಸೆಯಿಂದ. "ಇನ್ಮೇಲೆ ಡ್ರಾಯಿಂಗ್ ಫ್ಯಾಕ್ಸ್ ಮಾಡಲ್ಲ, ಮೇಲ್ ಮಾಡ್ತೀವಿ" ಅಂದುಬಿಟ್ಟರು. ನಮ್ಮ ಯಜಮಾನರು ನನ್ನನ್ನ ಕರೆದು, "ಏನ್ ಬೇಕೋ ತಗೊಂಡ್ ಬಾ. ಆದ್ರೆ ಇನ್ನೊಂದು ಫೋನ್ ಲೈನ್ ಮಾತ್ರ ಕೇಳ್ಬೇಡ" ಅಂದರು.

ಹಾಗಾಗಿ ಇದ್ದ ಫೋನಿನಲ್ಲೇ ನೆಟ್ ತರಬೇಕಿತ್ತು.

ಆಗಿನ ಆಫೀಸ್ ಫೋನ್ ಹೇಗಿತ್ತು ಅಂತ ಒಂದಿಷ್ಟು ಹೇಳ್ತೀನಿ. ರಿಸೆಪ್ಷನ್ ಹಿಂದಿನ ಗೋಡೆ ಮೇಲೆ ಒಂದು ಡಬ್ಬ. ಇಪಿಎಬಿಎಕ್ಸ್ ಅಂತ ಅದರ ಹೆಸರು, ನಾವು "ಬೋರ್ಡ್" ಅಂತಿದ್ವಿ. ನಮ್ಮದು 308, ಅಂದರೆ ಹೊರಗಿನಿಂದ ಬರೋ ಲೈನು ಮೂರು, ಒಳಗಿನ ಎಕ್ಸ್‌ಟೆನ್ಷನ್ ಎಂಟು. ಯಾರಾದರೂ ಹೊರಗೆ ಫೋನ್ ಮಾಡಬೇಕಾದರೆ ಮೊದಲು ಸೊನ್ನೆ ಒತ್ತಬೇಕು. ಮೂರರಲ್ಲಿ ಯಾವ ಲೈನು ಖಾಲಿ ಇದೆಯೋ ಅದನ್ನ ಬೋರ್ಡ್ ಕೊಡುತ್ತೆ. ಈ ಬೋರ್ಡಿಗೆ ಒಬ್ಬರು ಒಡತಿ ಇದ್ದರು, ನಮ್ಮ ಆಪರೇಟರ್ ಮೇಡಂ. ಅವರ ಮುಂದಿನ ಫೋನಿನಲ್ಲಿ ಮೂರು ಲೈನಿಗೆ ಮೂರು ಕೆಂಪು ದೀಪ. ಆಫೀಸಿನಲ್ಲಿ ಯಾರು ಯಾರ ಜೊತೆ ಎಷ್ಟು ಹೊತ್ತು ಮಾತಾಡ್ತಾರೆ ಅನ್ನೋದು ಆ ದೀಪ ನೋಡಿಯೇ ಅವರಿಗೆ ಗೊತ್ತಾಗ್ತಿತ್ತು.

ನಾನು ಎಸ್‌ಪಿ ರೋಡಿಗೆ ಹೋಗಿ ಒಂದು ಮೋಡೆಮ್ ತಂದೆ. ಮೋಡೆಮ್ ಅಂದರೆ ಕಂಪ್ಯೂಟರಿನ ಲೆಕ್ಕವನ್ನ ಸದ್ದಾಗಿ ಬದಲಾಯಿಸಿ ಫೋನ್ ತಂತಿಗೆ ಬಿಡುವ, ಆ ಕಡೆಯಿಂದ ಬಂದ ಸದ್ದನ್ನ ಮತ್ತೆ ಲೆಕ್ಕ ಮಾಡಿಕೊಡುವ ಪೆಟ್ಟಿಗೆ. ಅದು ಕೂಗುವ ಸದ್ದನ್ನ ನೀವು ಹಳೇ ಸಿನಿಮಾದಲ್ಲಿ ಕೇಳಿರಬಹುದು. ಕೀಂಯ್, ಕರ್ರ್, ಭುಸ್. ಅದನ್ನ ಒಂದು ಎಕ್ಸ್‌ಟೆನ್ಷನ್ ತಂತಿಗೆ ಸಿಕ್ಕಿಸಿ, ನಂಬರ್ ಕೊಟ್ಟು, ಡಯಲ್ ಒತ್ತಿದೆ.

"ನೋ ಡಯಲ್ ಟೋನ್" ಅಂತು.

ಎರಡು ದಿನ ಒದ್ದಾಡಿದೆ. ಫೋನ್ ಎತ್ತಿದರೆ ಟೋನ್ ಚೆನ್ನಾಗೇ ಕೇಳ್ತಿದೆ, ಆದರೆ ಮೋಡೆಮ್‌ಗೆ ಕೇಳಿಸ್ತಿಲ್ಲ! ಕೊನೆಗೆ ಮೇಡಂ ಹತ್ರ ಹೇಳಿದೆ. ಅವರು ನಕ್ಕರು. "ನಮ್ ಬೋರ್ಡಿನ ಟೋನೇ ಬೇರೆ, ಹೊರಗಿನ ಎಕ್ಸ್‌ಚೇಂಜ್ ಟೋನೇ ಬೇರೆ. ನಿಮ್ಮ ಪೆಟ್ಟಿಗೆ ಎಕ್ಸ್‌ಚೇಂಜ್ ಟೋನಿಗೆ ಕಾಯ್ತಿದೆ. ಮೊದಲು ಸೊನ್ನೆ ಒತ್ತೋಕೆ ಹೇಳಿದ್ರಾ ಅದಕ್ಕೆ?"

ಹೇಳಿರಲಿಲ್ಲ. ನಂಬರಿನ ಮುಂದೆ ಒಂದು ಸೊನ್ನೆ, ಸೊನ್ನೆಯ ಪಕ್ಕ ಒಂದು ಕಾಮಾ ಹಾಕಿದೆ. ಕಾಮಾ ಅಂದರೆ ಮೋಡೆಮ್ ಭಾಷೆಯಲ್ಲಿ "ಎರಡು ಸೆಕೆಂಡ್ ತಾಳು" ಅಂತ. ಅಷ್ಟರಲ್ಲಿ ಬೋರ್ಡ್ ಹೊರಗಿನ ಲೈನ್ ಕೊಡುತ್ತೆ. ಜೊತೆಗೆ "ಡಯಲ್ ಟೋನಿಗೆ ಕಾಯಬೇಕು" ಅನ್ನುವ ಕಡೆ ಇದ್ದ ಟಿಕ್ ತೆಗೆದೆ. ಮೋಡೆಮ್ ಕೂಗಿತು. ಕೆಳಗಡೆ ಮೂಲೆಯಲ್ಲಿ ಎರಡು ಪುಟ್ಟ ಕಂಪ್ಯೂಟರ್ ಚಿತ್ರ ಮಿನುಗಿದವು. ಯಜಮಾನರು ಎಲ್ಲರಿಗೂ ಕಾಫಿ ಹೇಳಿದರು.

ಸ್ಪೀಡ್ ಕೇಳಬೇಡಿ. ಮೋಡೆಮ್ ಡಬ್ಬದ ಮೇಲೆ 56ಕೆ ಅಂತ ದಪ್ಪಕ್ಷರದಲ್ಲಿತ್ತು. ನಮಗೆ ಸಿಗ್ತಿದ್ದದ್ದು ಇಪ್ಪತ್ತಾರು, ಇಪ್ಪತ್ತೆಂಟು. ಆ 56 ಸಿಗಬೇಕಾದರೆ ನಮ್ಮ ತಂತಿ ಎಕ್ಸ್‌ಚೇಂಜ್ ಮುಟ್ಟಿದಲ್ಲಿಂದ ಮುಂದೆ ದಾರಿಯೆಲ್ಲ ಡಿಜಿಟಲ್ ಇರಬೇಕು, ಸದ್ದು ಲೆಕ್ಕವಾಗಿ ಬದಲಾಗೋದು ಒಂದೇ ಸಲ ಆಗಬೇಕು. ನಡುವೆ ನಮ್ಮ ಬೋರ್ಡು ಕೂತು ತನ್ನದೂ ಒಂದು ಸಲ ಬದಲಾಯಿಸಿಬಿಟ್ಟರೆ ಮುಗೀತು. ಇಪ್ಪತ್ತೆಂಟರಲ್ಲಿ ಒಂದು ಎಂಬಿ ಇಳಿಸೋಕೆ ಸುಮಾರು ಐದು ನಿಮಿಷ. ಈಗ ನೀವು ಬೆಳಿಗ್ಗೆ ಕಳಿಸುವ ಒಂದು ಗುಡ್ ಮಾರ್ನಿಂಗ್ ವಿಡಿಯೋಗೆ ನಮ್ಮ ಊಟದ ಹೊತ್ತು ಪೂರ್ತಿ ಬೇಕಾಗ್ತಿತ್ತು.

ಆಮೇಲೆ ಅಕೌಂಟ್ಸ್‌ನವರಿಗೂ ಬೇಕು, ಪರ್ಚೇಸ್‌ನವರಿಗೂ ಬೇಕು. ಇದ್ದ ಐದು ಕಂಪ್ಯೂಟರ್‌ಗಳಿಗೆ ಒಂದು ಹಬ್ ಹಾಕಿ ತಂತಿ ಎಳೆದೆ. ಆಗಿನ ವಿಂಡೋಸ್ 98ರ ಎರಡನೇ ಆವೃತ್ತಿಯಲ್ಲಿ ಒಂದು ಕಂಪ್ಯೂಟರಿನ ಇಂಟರ್ನೆಟ್ಟನ್ನ ಉಳಿದವಕ್ಕೆ ಹಂಚುವ ಸೌಲಭ್ಯ ಇತ್ತು. ಅದನ್ನ ಹಾಕಿದೆ. ಒಂದು ಲೋಟ ಹಾಲಿಗೆ ಐದು ಜನ. ಆದರೂ ಎಲ್ಲರಿಗೂ ಖುಷಿ.

ಇದರಲ್ಲಿ ಒಂದು ತಮಾಷೆ ಇತ್ತು. ಯಾವ ಕಂಪ್ಯೂಟರಿನಲ್ಲಿ ಯಾರು ಬ್ರೌಸರ್ ತೆರೆದರೂ ಮೋಡೆಮ್ ತಾನೇ ಎದ್ದು ಡಯಲ್ ಮಾಡುತ್ತೆ. ಅಕೌಂಟ್ಸ್ ಕಂಪ್ಯೂಟರಿನಲ್ಲಿ ಮೇಲ್ ನೋಡುವ ಪ್ರೋಗ್ರಾಮನ್ನ ಯಾರೋ ಹಾಗೇ ಬಿಟ್ಟು ಹೋಗಿದ್ದರು. ಅದು ರಾತ್ರಿಯೆಲ್ಲ ಹತ್ತು ನಿಮಿಷಕ್ಕೊಂದು ಸಲ ಮೇಲ್ ಬಂತಾ ಅಂತ ಕೇಳೋಕೆ ಫೋನ್ ಮಾಡಿದೆ. ಆ ತಿಂಗಳ ಬಿಲ್ ನೋಡಿ ಯಜಮಾನರು ನನಗೆ ಕಾಫಿ ಹೇಳಲಿಲ್ಲ.

ಇಷ್ಟು ನಾನು ಆ ಹುಡುಗಿಗೆ ಹೇಳಿದ ಕಥೆ. ನಕ್ಕಳು. ನೆಟ್ ಬಂತು, ಎದ್ದು ಹೋದಳು.

ಇನ್ನು ಉಳಿದದ್ದು.

ಬೋರ್ಡ್ ಸೊನ್ನೆ ಒತ್ತಿದವರಿಗೆ ಖಾಲಿ ಇರುವ ಲೈನ್ ಕೊಡುತ್ತೆ ಅಂದೆನಲ್ಲ, ಅದು ಹುಡುಕೋದು ಒಂದನೇ ಲೈನಿನಿಂದ. ಆ ಲೈನು ಖಾಲಿ ಇದ್ದರೆ ಅದೇ. ನನ್ನ ಮೋಡೆಮ್ ಬೆಳಿಗ್ಗೆ ಮೊದಲು ಡಯಲ್ ಮಾಡಿದರೆ ಅದಕ್ಕೆ ಸಿಗೋದು ಒಂದನೇ ಲೈನು. ಒಂದನೇ ಲೈನಿನ ನಂಬರ್ ನಮ್ಮ ಹಳೇ ನಂಬರು. ಕೆಳಗೆ ಕೆಲಸ ಮಾಡುವ ಅಷ್ಟೂ ಜನರ ಮನೆಯಲ್ಲಿ, ಕ್ಯಾಲೆಂಡರ್ ಮೇಲೋ ಗೋಡೆ ಮೇಲೋ ಬರೆದಿಟ್ಟಿದ್ದ ನಂಬರ್ ಅದೊಂದೇ. ಒಂದು ಲೈನ್ ಎಂಗೇಜ್ ಇದ್ದರೆ ಕರೆಯನ್ನ ಮುಂದಿನ ಲೈನಿಗೆ ದಾಟಿಸುವ ಹಂಟಿಂಗ್ ಅನ್ನುವ ವ್ಯವಸ್ಥೆ ಎಕ್ಸ್‌ಚೇಂಜಿನಲ್ಲಿ ಸಿಗ್ತಿತ್ತು. ನಾವು ಅದನ್ನ ತಗೊಂಡಿರಲಿಲ್ಲ. ಹಾಗಾಗಿ ಎರಡು, ಮೂರು ಖಾಲಿ ಬಿದ್ದಿದ್ದರೂ ಆ ನಂಬರಿಗೆ ಮಾಡಿದವರಿಗೆ ಕೇಳೋದು ಎಂಗೇಜ್ ಟೋನ್ ಮಾತ್ರ.

ಮೊಬೈಲ್ ಇರಲಿಲ್ವಾ ಅಂತ ಕೇಳಬಹುದು. ಇತ್ತು, ಯಜಮಾನರ ಹತ್ತಿರ. ಆಗ ಬರುವ ಕರೆಗೂ ದುಡ್ಡು ಕೊಡಬೇಕಿತ್ತು. ಒಳಬರುವ ಕರೆ ಫ್ರೀ ಆಗಿದ್ದು 2003ರ ಮೇ ತಿಂಗಳಿಂದ. ಲೇತ್ ನಡೆಸುವವರ ಜೇಬಿಗೆ ಮೊಬೈಲ್ ಬಂದದ್ದು ಅದರ ನಂತರವೇ.

2001ರ ಮಾರ್ಚ್ 14, ಬುಧವಾರ. ಕ್ರಿಕೆಟ್ ನೋಡುವವರಿಗೆ ಈ ದಿನ ಗೊತ್ತಿರುತ್ತೆ. ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟಿನ ನಾಲ್ಕನೇ ದಿನ. ಫಾಲೋ ಆನ್ ಆಗಿದ್ದ ನಾವು ಸೋಲೋದೇ ಖಾತ್ರಿ ಅಂತ ಎಲ್ಲರೂ ಅಂದುಕೊಂಡಿದ್ದ ಪಂದ್ಯ. ಲಕ್ಷ್ಮಣ್ ಮತ್ತು ನಮ್ಮ ದ್ರಾವಿಡ್ ಇಡೀ ದಿನ ಆಡಿದರು. ಒಂದು ವಿಕೆಟ್ ಬೀಳಲಿಲ್ಲ. ದಿನಕ್ಕೆ 335 ರನ್.

ನಾನು ಬೆಳಿಗ್ಗೆ ಗಿರಾಕಿಯ ಒಂದು ಡ್ರಾಯಿಂಗ್ ಇಳಿಸೋಕೆ ನೆಟ್ ಹಾಕಿದೆ. ಅರ್ಧ ಗಂಟೆಯಲ್ಲಿ ಇಳೀತು. ಆಮೇಲೆ ಸ್ಕೋರ್ ತೋರಿಸುವ ಪುಟ ತೆರೆದೆ. ಐದು ನಿಮಿಷಕ್ಕೊಮ್ಮೆ ರಿಫ್ರೆಶ್. ಲಕ್ಷ್ಮಣ್ ಒಂದು ಫೋರ್, ದ್ರಾವಿಡ್ ಒಂದು ಫೋರ್. ಲೈನ್ ಬಿಡೋಕೆ ಮನಸ್ಸು ಬರಲಿಲ್ಲ. ಬಿಟ್ಟರೆ ಮತ್ತೆ ಸಿಗುತ್ತೋ ಇಲ್ಲವೋ, ಎಷ್ಟು ಸಲ ಡಯಲ್ ಮಾಡಬೇಕೋ ಅಂತ.

ಒಂದು ಗಂಟೆ ಹೊತ್ತಿಗೆ ಇಂಟರ್‌ಕಾಮ್ ಬಂತು. ಮೇಡಂ.

"ಒಂದನೇ ಲೈನ್ ಬಿಡ್ತೀರಾ? ಬೆಳಿಗ್ಗೆಯಿಂದ ದೀಪ ಆರೇ ಇಲ್ಲ."

"ಮುಖ್ಯವಾದ ಮೇಲ್ ಬರ್ತಿದೆ ಮೇಡಂ, ಕಸ್ಟಮರ್‌ದು. ಇನ್ನೊಂಚೂರು."

"ಸರಿ" ಅಂದರು.

ಕೆಳಗಿನ ಟೀ ಅಂಗಡಿಯಲ್ಲಿ ರೇಡಿಯೋ ಇತ್ತು. ಕಾಮೆಂಟರಿ ಕೇಳಬೇಕು ಅಂದಿದ್ದರೆ ಇಪ್ಪತ್ತು ಹೆಜ್ಜೆ ಇಳಿದು ಹೋಗಬೇಕಿತ್ತು ಅಷ್ಟೇ. ಇದು ನನಗೆ ಆಮೇಲೆ ಎಷ್ಟು ಸಲ ನೆನಪಾಗಿದೆಯೋ ಲೆಕ್ಕ ಇಟ್ಟಿಲ್ಲ.

ಸಂಜೆ ಆಟ ಮುಗೀತು. ಲಕ್ಷ್ಮಣ್ 275, ದ್ರಾವಿಡ್ 155, ಇಬ್ಬರೂ ನಾಟೌಟ್. ನಾನು ಡಿಸ್‌ಕನೆಕ್ಟ್ ಒತ್ತಿದೆ. ಎರಡು ನಿಮಿಷ ಆಗಿತ್ತೋ ಇಲ್ಲವೋ, ಒಂದನೇ ಲೈನ್ ರಿಂಗ್ ಆಯ್ತು. ಮೇಡಂ ಎತ್ತಿದರು. ಕೇಳಿಸಿಕೊಂಡರು. ಫೋನ್ ಇಡದೆ, ಕೆಳಗೆ ಓಡಿ ಹೋದರು.

ಕೆಳಗೆ ಒಬ್ಬರು ಟರ್ನರ್ ಇದ್ದರು, ನಲವತ್ತು ದಾಟಿದವರು, ಶಿರಾ ಕಡೆಯವರು. ನಾನು ಅಣ್ಣ ಅಂತಿದ್ದೆ. ಊರಲ್ಲಿ ಅವರ ತಂದೆಗೆ ಲಕ್ವ ಹೊಡೆದಿತ್ತು. ಬೆಳಿಗ್ಗೆ ಹನ್ನೊಂದು ಗಂಟೆಗೆ. ಭಾವಮೈದ ಶಿರಾದಲ್ಲಿ ಎಸ್‌ಟಿಡಿ ಬೂತಿನಿಂದ ಮಾಡಿದ್ದಾರೆ, ಎಂಗೇಜ್. ತುಮಕೂರಿಗೆ ಕರಕೊಂಡು ಬಂದು ಅಲ್ಲಿಂದ ಮಾಡಿದ್ದಾರೆ, ಎಂಗೇಜ್. ಆಸ್ಪತ್ರೆಗೂ ಬೂತಿಗೂ ಓಡಾಡಿಕೊಂಡು ಮಾಡ್ತಾನೇ ಇದ್ದಾರೆ. ಬೂತಿನವರು "ನಂಬರ್ ಸರಿ ಇದೆಯೇನ್ರೀ?" ಅಂತ ಕೇಳಿದರಂತೆ.

ಅಣ್ಣ ಮೈಮೇಲಿನ ಎಣ್ಣೆ ಬಟ್ಟೆಯಲ್ಲೇ ತುಮಕೂರು ಬಸ್ಸು ಹತ್ತಿದರು. ತಲುಪಿದಾಗ ಏಳೂವರೆ. ಮಧ್ಯಾಹ್ನದವರೆಗೆ ತಂದೆ ತೊದಲಿಕೊಂಡು ಮಾತಾಡ್ತಿದ್ದರಂತೆ. ಮಗ ಬಂದನಾ, ಮಗ ಬಂದನಾ ಅಂತ ಕೇಳ್ತಿದ್ದರಂತೆ. ಸಂಜೆ ಎರಡನೇ ಸಲ ಹೊಡೆದು ಮಾತು ನಿಂತುಹೋಗಿತ್ತು. ಆಮೇಲೆ ಅವರು ಇನ್ನೂ ಎರಡು ವರ್ಷ ಇದ್ದರು. ಮಾತು ಬರಲಿಲ್ಲ.

ಮರುದಿನ ಭಾರತ 171 ರನ್‌ನಿಂದ ಗೆದ್ದಿತು. ಆಫೀಸಿನಲ್ಲಿ ಸ್ವೀಟ್ ಹಂಚಿದರು. ಮೇಡಂ ತಗೊಳ್ಳಲಿಲ್ಲ. ನನ್ನನ್ನ ಏನೂ ಕೇಳಲೂ ಇಲ್ಲ. ನಾನೇ ಹೋಗಿ, "ಮೇಲ್ ಅಲ್ಲ ಮೇಡಂ, ಸ್ಕೋರ್ ನೋಡ್ತಿದ್ದೆ" ಅಂದೆ.

"ಗೊತ್ತು" ಅಂದರು. "ನೀವು ಮೇಲೆ ಇಬ್ಬರಿಗೆ ಸ್ಕೋರ್ ಹೇಳೋದು ಇಲ್ಲಿವರೆಗೂ ಕೇಳ್ತಿತ್ತು. ನಾನೇ ಲೈನ್ ಕಟ್ ಮಾಡ್ಬೇಕಿತ್ತು. ಕಸ್ಟಮರ್ ಹೆಸರು ಹೇಳಿದ್ರಲ್ಲ, ಕೈ ಬರಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಡ್ರಾಯರಿನಿಂದ ಬೋರ್ಡಿನ ಪುಸ್ತಕ ತೆಗೆದರು. ಅದರಲ್ಲಿ ಆಗಲೇ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದರು. "ಇದನ್ನ ಆರು ತಿಂಗಳಿಂದ ಹೇಳ್ಬೇಕು ಅಂದ್ಕೊಂಡಿದ್ದೆ. ಯಾರೂ ಕೇಳಲಿಲ್ಲ."

ಅವರು ಹೇಳಿದ್ದು ಇಷ್ಟು. ಒಂದನೇ ಲೈನು ಇನ್ನುಮುಂದೆ ಬರುವ ಕರೆಗೆ ಮಾತ್ರ. ಸೊನ್ನೆ ಒತ್ತಿದರೆ ಅದು ಯಾರಿಗೂ ಸಿಗಬಾರದು, ಯಜಮಾನರಿಗೂ. ಎರಡನೇದು ಎಲ್ಲರ ಹೊರಗಿನ ಕರೆಗೆ. ಮೂರನೇದು ನೆಟ್ ಮತ್ತು ಫ್ಯಾಕ್ಸ್‌ಗೆ. ಅದನ್ನ ಬೋರ್ಡಿಗೆ ತರೋದೇ ಬೇಡ, ನೇರ ಮೋಡೆಮ್‌ಗೆ ಕೊಟ್ಟುಬಿಡಿ.

ಬೋರ್ಡಿನಲ್ಲಿ ಅದಕ್ಕೆ ಬೇಕಾದ ಕೋಡ್ ಒತ್ತೋಕೆ ಹತ್ತು ನಿಮಿಷ ಹಿಡೀತು. ಮೂರನೇ ಲೈನಿನ ತಂತಿ ಬಿಚ್ಚಿ ಮೋಡೆಮ್‌ಗೆ ಎಳೆಯೋಕೆ ಇನ್ನೊಂದು ಗಂಟೆ. ಮಧ್ಯಾಹ್ನ ಡಯಲ್ ಮಾಡಿ ನೋಡಿದರೆ ಮೂಲೆಯ ಚಿತ್ರದಲ್ಲಿ 44 ಅಂತ ತೋರಿಸ್ತಿದೆ. ನಡುವೆ ಬೋರ್ಡ್ ಇಲ್ಲವಾದ್ದರಿಂದ ಸ್ಪೀಡೂ ಹೆಚ್ಚಾಗಿತ್ತು. ಒಂದು ವರ್ಷದಿಂದ ನಾನು ಹುಡುಕ್ತಿದ್ದ ಸ್ಪೀಡು ಮೇಡಂ ಡ್ರಾಯರಿನಲ್ಲಿ ಇತ್ತು. ಅವತ್ತು ಅದರಿಂದ ಖುಷಿ ಆಗಲಿಲ್ಲ.

ಅಣ್ಣ ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದರು. ನಾನು ಕೆಳಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಲೈನ್ ನಾನೇ ಹಿಡಿದಿದ್ದೆ, ಕ್ರಿಕೆಟ್ಟಿಗೆ, ಅಂತ. ಬೈತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಹೌದಾ ಸಾರ್" ಅಂದರು. ಲೇತ್ ಆನ್ ಮಾಡಿದರು.

ಅಷ್ಟೇ. ಅದಾದ ಮೇಲೆ ಆ ಕಾರ್ಖಾನೆಯಲ್ಲಿ ನಾನು ಇದ್ದ ನಾಲ್ಕು ವರ್ಷ ಒಂದನೇ ಲೈನಿನ ದೀಪವನ್ನ ದಿನಕ್ಕೆ ಹತ್ತು ಸಲ ನೋಡ್ತಿದ್ದೆ.

2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. 256 ಕೆಬಿಪಿಎಸ್. ನಾವು ಮಾತಾಡುವ ಸದ್ದು ತಂತಿಯ ಕೆಳಗಿನ ಪಟ್ಟಿಯಲ್ಲಿ ಹೋದರೆ ಡೇಟಾ ಅದಕ್ಕಿಂತ ಮೇಲಿನ ಪಟ್ಟಿಯಲ್ಲಿ ಹೋಗುತ್ತೆ. ನಡುವೆ ಒಂದು ಪುಟ್ಟ ಸ್ಪ್ಲಿಟರ್. ಒಂದೇ ತಂತಿಯಲ್ಲಿ ಫೋನೂ ನೆಟ್ಟೂ ಒಟ್ಟಿಗೆ! ಎಂಗೇಜ್ ಅನ್ನೋ ತಲೆನೋವು ಮುಗೀತು. ಮೇಡಂ ಅವತ್ತು ಸ್ವೀಟ್ ತಗೊಂಡರು.

ಈಗ ಹೋದ ವಾರದ ವಿಷಯಕ್ಕೆ ಬರ್ತೀನಿ. ನೆಟ್ ಇಲ್ಲದ ಆ ಅರ್ಧ ಗಂಟೆ ಫೋನೂ ಇರಲಿಲ್ಲ ಅಂದೆನಲ್ಲ. ಹಳೇ ತಾಮ್ರದ ಲೈನಿಗೆ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರ್ತಿತ್ತು, 48 ವೋಲ್ಟ್. ಊರೆಲ್ಲ ಕತ್ತಲೆಯಾದರೂ ಫೋನ್ ಎತ್ತಿದರೆ ಟೋನ್ ಇರ್ತಿತ್ತು. ಫೈಬರ್ ಲೈನಿಗೆ ಹಾಗಿಲ್ಲ. ಮನೆಯ ಆ ಪುಟ್ಟ ಪೆಟ್ಟಿಗೆಗೆ ಕರೆಂಟ್ ಇಲ್ಲದಿದ್ದರೆ ಲ್ಯಾಂಡ್‌ಲೈನೂ ಇಲ್ಲ. ಊರಲ್ಲಿ ಅಪ್ಪ ಅಮ್ಮ ಫೈಬರ್ ಹಾಕಿಸಿಕೊಂಡು, ಲ್ಯಾಂಡ್‌ಲೈನ್ ಇದೆ ಬಿಡು ಅಂತ ಧೈರ್ಯವಾಗಿದ್ದರೆ, ಆ ಪೆಟ್ಟಿಗೆಯನ್ನ ಯುಪಿಎಸ್‌ಗೆ ಸಿಕ್ಕಿಸಿದ್ದಾರಾ ಅಂತ ಈ ಸಲ ಹೋದಾಗ ನೋಡಿ. ಸಿಕ್ಕಿಸಿರಲ್ಲ.

ಇನ್ನೊಂದು. ನಮ್ಮ ಆಫೀಸಿನಲ್ಲಿ ಹತ್ತರಲ್ಲಿ ಎಂಟು ಜನ ಫೋನನ್ನ ದಿನವಿಡೀ "ಡು ನಾಟ್ ಡಿಸ್ಟರ್ಬ್"ನಲ್ಲಿ ಇಡ್ತಾರೆ. ತಪ್ಪಲ್ಲ. ಸಾಲ ಬೇಕಾ, ಸೈಟ್ ಬೇಕಾ ಅಂತ ದಿನಕ್ಕೆ ಇಪ್ಪತ್ತು ಕರೆ ಬಂದರೆ ಯಾರು ತಾನೇ ಏನು ಮಾಡಬೇಕು. ಮೀಟಿಂಗ್ ಬೇರೆ. ನಾನು ಯಾರಿಗೂ ಉಪದೇಶ ಮಾಡಲ್ಲ. ಮೀಟಿಂಗ್ ಅಂತ ಹೇಳಿ ಮ್ಯಾಚ್ ನೋಡುವವರಿಗಂತೂ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ.

ಆದರೆ ಅದೇ ಸೆಟ್ಟಿಂಗ್ ಒಳಗೆ ಒಂದು ಕಡೆ, ಇಂಥವರ ಕರೆ ಮಾತ್ರ ಬಿಡು ಅಂತ ಹೆಸರು ಕೊಡೋಕೆ ಬರುತ್ತೆ. ಒಬ್ಬರೇ ಎರಡನೇ ಸಲ ಕರೆ ಮಾಡಿದರೆ ರಿಂಗ್ ಆಗಲಿ ಅನ್ನೋಕೂ ಬರುತ್ತೆ. ಅಮ್ಮ, ಅಪ್ಪ, ಹೆಂಡತಿ ಅಥವಾ ಗಂಡ, ಮಗುವಿನ ಸ್ಕೂಲು, ಊರಲ್ಲಿ ಪಕ್ಕದ ಮನೆಯವರು. ಪಕ್ಕದ ಮನೆಯವರನ್ನ ಮರೀಬೇಡಿ. ಅಪ್ಪನಿಗೆ ಏನಾದರೂ ಆದರೆ ಫೋನ್ ಮಾಡೋದು ಅಪ್ಪ ಅಲ್ಲ.

ಅಂದಹಾಗೆ, ಆ ಹುಡುಗಿಗೆ ಈ ಅಂಕಣದ ಲಿಂಕ್ ಕಳಿಸ್ತೀನಿ. ಉಳಿದರ್ಧ ಕಥೆ ಅವಳೂ ಓದಲಿ. ಮೇಡಂ ಈಗ ಮಗಳ ಮನೆಯಲ್ಲಿದ್ದಾರೆ, ದಾವಣಗೆರೆಯಲ್ಲಿ. ಯುಗಾದಿಗೂ ದೀಪಾವಳಿಗೂ ನಾನು ಫೋನ್ ಮಾಡ್ತೀನಿ. ಎರಡನೇ ರಿಂಗಿಗೆ ಎತ್ತುತ್ತಾರೆ.